ಆಂಕಿ ಆಪ್: ಒಂದೂವರೆ ವರ್ಷ, 41 ಉಂಬಳ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬೈಯಬಾರದು. ಆಂಕಿ ಆಪ್ ನಿಮಗೆ ಜಪಾನೀಸ್ ಕಲಿಸುವುದಿಲ್ಲ. ಯಾವ ಭಾಷೆಯನ್ನೂ ಕಲಿಸುವುದಿಲ್ಲ. ಪದಗಳ ಕಾರ್ಡ್ ಮತ್ತೆ ಮತ್ತೆ ತೋರಿಸಿ, ನೀವು ಕಲಿತದ್ದು ಜಾರಿ ಹೋಗದ ಹಾಗೆ ಕಾಯುತ್ತದೆ, ಅಷ್ಟೇ. ಇಷ್ಟು ಚಿಕ್ಕ ಮಾತು ನನಗೆ ಅರ್ಥ ಆಗಲಿಕ್ಕೆ ಏಳು ತಿಂಗಳು ಬೇಕಾಯಿತು, ಆ ಏಳು ತಿಂಗಳಲ್ಲಿ ನಾನು ಮಾಡಿದ ಪೆದ್ದುತನವೆಲ್ಲ ಈ ರಿವ್ಯೂನಲ್ಲಿ ಇದೆ.

ನನ್ನ ಮನೆ ಉಡುಪಿಯಲ್ಲಿ, ಕೆಲಸ ಮಂಗಳೂರಿನಲ್ಲಿ. ಆಫೀಸಿಗೆ ಜಪಾನಿನ ಒಂದು ಪ್ರಾಜೆಕ್ಟ್ ಬಂತು, ಭಾಷೆ ಸ್ವಲ್ಪ ಬಂದವರಿಗೆ ಒಳ್ಳೆಯದಾಗುತ್ತದೆ ಅಂತ ಮ್ಯಾನೇಜರ್ ಆಸೆ ಹುಟ್ಟಿಸಿದರು. ಹತ್ತು ಮಂದಿ ಶುರು ಮಾಡಿದೆವು. ಹಿರಗಾನ ಅನ್ನುವ ಅವರ ಮೊದಲ ಅಕ್ಷರಮಾಲೆ ಮುಗಿಯುವಷ್ಟರಲ್ಲಿ ನಾಲ್ಕು ಮಂದಿ ಆದೆವು, ಕಾಂಜಿ ಶುರುವಾಗಿ ಒಂದು ವಾರಕ್ಕೆ ನಾನೊಬ್ಬಳೇ ಉಳಿದೆ. ಮನೆಯಲ್ಲಿ ಕಾಂಜಿ ಕಲಿಯುತ್ತಿದ್ದೇನೆ ಅಂದಾಗ ಅಮ್ಮ ನಕ್ಕರು. ನಮ್ಮ ತುಳುವಿನಲ್ಲಿ ಕಂಜಿ ಅಂದರೆ ಕರು. ಕಾಸರಗೋಡಿನ ನನ್ನ ಗೆಳತಿಗೆ ಅದು ಗಂಜಿ. ಜಪಾನಿನವರಿಗೆ ಚೀನಾದಿಂದ ಬಂದ ಅಕ್ಷರ. ದಿನಬಳಕೆಗೆ ಅಂತ ಅಲ್ಲಿನ ಸರ್ಕಾರ ಗುರುತಿಸಿದ ಕಾಂಜಿಗಳೇ 2,136, ಆ ಪಟ್ಟಿ 2010ರದ್ದು. ಇಷ್ಟೊಂದು ಕರು ಯಾರು ಮೇಯಿಸುವುದು ಹೇಳಿ.

ಆಪ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಆಂಕಿ ಅನ್ನುವುದೇ ಜಪಾನೀಸ್ ಪದ, ಬಾಯಿಪಾಠ ಅಂತ ಅರ್ಥ. ಡೇಮಿಯನ್ ಎಲ್ಮ್ಸ್ ಅನ್ನುವವರು ಮಾಡಿದ್ದು, 2006ರಿಂದ ಇದೆ. ಕಂಪ್ಯೂಟರಿಗೆ ಉಚಿತ. ಆಂಡ್ರಾಯ್ಡ್ ಫೋನಿಗೆ ಆಂಕಿಡ್ರಾಯ್ಡ್ ಅಂತ ಬೇರೆ ಸ್ವಯಂಸೇವಕರು ಮಾಡಿ ಕೊಡುತ್ತಾರೆ, ಅದೂ ಉಚಿತ, ಜಾಹೀರಾತಿನ ಕಾಟ ಇಲ್ಲ. ಐಫೋನಿಗೆ ಮಾತ್ರ ದುಡ್ಡು, ಸುಮಾರು 25 ಡಾಲರ್, ಒಂದೇ ಸಲ ಕೊಟ್ಟರೆ ಆಯಿತು. ಸ್ಟೋರಿನಲ್ಲಿ ಹುಡುಕುವಾಗ ಹುಷಾರು, ಆಂಕಿ ಅಂತ ಹೆಸರು ಸೇರಿಸಿಕೊಂಡ ಬೇರೆ ಆಪ್‌ಗಳೂ ಸಿಗುತ್ತವೆ. ನೋಡಲಿಕ್ಕೆ ಅಂದವೇನಿಲ್ಲ. ಹಳೇ ಬ್ಯಾಂಕಿನ ಕಂಪ್ಯೂಟರ್ ಪರದೆ ನೆನಪಾಗುತ್ತದೆ. ಬಣ್ಣ ಇಲ್ಲ, ಗೆದ್ದರೆ ಚಪ್ಪಾಳೆ ತಟ್ಟುವ ಗೂಬೆ ಇಲ್ಲ, ಏನೂ ಇಲ್ಲ. ನನಗೆ ಅದೇ ಹಿಡಿಸಿತು. ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ, ಹಾಗಾಗಿ ಬಸ್ಸಿನಲ್ಲಿ ಸಿಗ್ನಲ್ ಹೋದಾಗಲೂ ತೊಂದರೆ ಇಲ್ಲ.

ಕೆಲಸ ಮಾಡುವ ರೀತಿ ಸರಳ. ಕಾರ್ಡಿನ ಮುಂದೆ ಪ್ರಶ್ನೆ, ಹಿಂದೆ ಉತ್ತರ. ಉತ್ತರ ನೋಡಿ ನೀವೇ ಮಾರ್ಕು ಕೊಡಬೇಕು. ನಾಲ್ಕು ಬಟನ್: ಎಗೇನ್, ಹಾರ್ಡ್, ಗುಡ್, ಈಸಿ. ನೆನಪಾದರೆ ಕಾರ್ಡು ಕೆಲವು ದಿನ ಬಿಟ್ಟು ಬರುತ್ತದೆ, ಆಗಲೂ ನೆನಪಾದರೆ ಕೆಲವು ವಾರ, ಮತ್ತೆ ಕೆಲವು ತಿಂಗಳು. ಮರೆತರೆ ವಾಪಸ್ ಹತ್ತಿರಕ್ಕೆ. ಮರೆಯುವ ಹೊತ್ತಿಗೆ ಸರಿಯಾಗಿ ಬಂದು ಬಾಗಿಲು ತಟ್ಟುವುದೇ ಇದರ ಗುಟ್ಟು. ಹಿಂದೆ ಇದಕ್ಕೆ ಸೂಪರ್‌ಮೆಮೊ ಅನ್ನುವ ತಂತ್ರಾಂಶದಿಂದ ತೆಗೆದುಕೊಂಡ 1980ರ ದಶಕದ ಲೆಕ್ಕ ಇತ್ತು, 2023ರಿಂದ ಎಫ್ಎಸ್ಆರ್ಎಸ್ ಅನ್ನುವ ಹೊಸ ಲೆಕ್ಕವೂ ಇದೆ. ಸೆಟ್ಟಿಂಗಿನಲ್ಲಿ ಅದನ್ನು ಆನ್ ಮಾಡಿಕೊಳ್ಳಿ. ನೂರರಲ್ಲಿ ತೊಂಬತ್ತು ನೆನಪಿರಬೇಕು ಅಂತ ಮೊದಲೇ ಇಟ್ಟಿರುತ್ತಾರೆ, ಅದನ್ನು ಮುಟ್ಟಬೇಡಿ. ತೊಂಬತ್ತೇಳು ಮಾಡಲಿಕ್ಕೆ ಹೋಗಿ ನಾನು ದಿನಾ ಎಷ್ಟು ಕಾರ್ಡ್ ನೋಡಬೇಕಾಯಿತು ಅಂದರೆ, ಬಸ್ಸು ಉಡುಪಿ ಬಿಟ್ಟು ಮಂಗಳೂರು ಮುಟ್ಟಿದರೂ ಮುಗಿಯುತ್ತಿರಲಿಲ್ಲ.

ನನ್ನ ಮೊದಲ ಪೆದ್ದುತನ ಹಾರ್ಡ್ ಬಟನ್. ಪದ ಮರೆತಾಗಲೂ ಎಗೇನ್ ಒತ್ತಲಿಕ್ಕೆ ನಾಚಿಕೆಯಾಗಿ ಹಾರ್ಡ್ ಒತ್ತುತ್ತಿದ್ದೆ. ಫೇಲ್ ಆದ ಹಾಗೆ ಕಾಣಬಾರದು ಅಂತ, ಅದೂ ಯಾರೂ ನೋಡದ ಫೋನಿನಲ್ಲಿ! ಹಾರ್ಡ್ ಅಂದರೆ ಕಷ್ಟಪಟ್ಟೆ ಆದರೆ ನೆನಪಾಯಿತು ಅಂತ ಅರ್ಥ. ಅದು ಪಾಸು. ನಾನು ಮೂರು ತಿಂಗಳು ಆಪಿಗೆ ಸುಳ್ಳು ಹೇಳಿದೆ, ಅದು ಪಾಪ ನಂಬಿತು, ಬರದ ಪದಗಳನ್ನೆಲ್ಲ ಮುಂದಿನ ತಿಂಗಳಿಗೆ ಕಳಿಸಿತು.

ಎರಡನೆಯದು ರೆಡಿಮೇಡ್ ಡೆಕ್, ಅಂದರೆ ಕಾರ್ಡುಗಳ ಕಟ್ಟು. ಯಾರೋ ಮಾಡಿಟ್ಟ ಎರಡು ಸಾವಿರ ಪದದ ಡೆಕ್ ಇಳಿಸಿಕೊಂಡು ದಿನಕ್ಕೆ 25 ಹೊಸ ಪದ ಅಂತ ಹಾಕಿದೆ. ಎರಡು ವಾರ ಹಬ್ಬ. ಆಮೇಲೆ ಹಳೇ ಕಾರ್ಡುಗಳು ವಾಪಸ್ ಬರಲಿಕ್ಕೆ ಶುರುವಾದವು. ಅಷ್ಟಮಿ, ವಿಟ್ಲಪಿಂಡಿ, ಮನೆ ತುಂಬಾ ನೆಂಟರು, ಉಂಡೆ ಚಕ್ಕುಲಿ ಅಂತ ಹತ್ತು ದಿನ ಆಪ್ ತೆರೆಯಲೇ ಇಲ್ಲ. ಹನ್ನೊಂದನೇ ದಿನ ತೆರೆದರೆ 740 ಕಾರ್ಡ್ ಕಾಯುತ್ತಾ ಕೂತಿದ್ದವು. ಫೋನನ್ನು ಮಗುಚಿ ಇಟ್ಟು ಒಂದು ಲೋಟ ಚಹಾ ಕುಡಿದೆ. ಈಗ ದಿನಕ್ಕೆ ಎಂಟೇ ಹೊಸ ಪದ. ನೋಡಿ ಮುಗಿಸಬೇಕಾದ ಹಳೆಯವು ಎಪ್ಪತ್ತರ ಸುತ್ತಮುತ್ತ. ಬಸ್ಸು ಕಟಪಾಡಿ ದಾಟುವಾಗ ಶುರು ಮಾಡಿದರೆ ಮುಲ್ಕಿಗೆ ಮುಗಿಯುತ್ತದೆ. ಆಮೇಲೆ ಸುರತ್ಕಲ್ ತನಕ ನಿದ್ದೆ.

ಈಗ ಅಸಲು ವಿಷಯ. ಆಂಕಿಯಲ್ಲಿ ಲೀಚ್ ಅಂತ ಒಂದು ವ್ಯವಸ್ಥೆ ಇದೆ. ಒಂದು ಕಾರ್ಡನ್ನು ಕಲಿತು, ಮರೆತು, ಮತ್ತೆ ಕಲಿತು, ಮತ್ತೆ ಮರೆತು, ಹೀಗೆ ಎಂಟು ಸಲ ಆದರೆ ಆಪ್ ಅದಕ್ಕೆ ಲೀಚ್ ಅಂತ ಚೀಟಿ ಅಂಟಿಸುತ್ತದೆ. ಬೇಕಾದರೆ ಸಾಲಿನಿಂದ ಹೊರಗೂ ಕೂರಿಸುತ್ತದೆ. ಲೀಚ್ ಅಂದರೆ ನಮ್ಮ ಉಂಬಳ. ಹೆಸರಿಟ್ಟವರು ಮಳೆಗಾಲದಲ್ಲಿ ಆಗುಂಬೆ ಕಡೆ ಬಂದಿದ್ದರೋ ಏನೋ, ಅಷ್ಟು ಸರಿಯಾದ ಹೆಸರು. ಎಲ್ಲಿ ಹತ್ತಿತು ಗೊತ್ತಾಗುವುದಿಲ್ಲ, ನೋವಿಲ್ಲ, ಮನೆಗೆ ಬಂದು ನೋಡಿದರೆ ಚಪ್ಪಲಿ ತುಂಬಾ ರಕ್ತ. ನನ್ನ ಡೆಕ್ಕಿನಲ್ಲಿ ಏಳು ತಿಂಗಳಿಗೆ 41 ಉಂಬಳ ಇದ್ದವು. ಅಂಕಿಅಂಶದ ಪುಟ ತೆಗೆದು ನೋಡಿದಾಗ ಗೊತ್ತಾದದ್ದು, ದಿನದ ಸಮಯದಲ್ಲಿ ಕಾಲು ಭಾಗ ಈ 41 ಪದಗಳೇ ಕುಡಿಯುತ್ತಿದ್ದವು. ಉಳಿದ ಸಾವಿರ ಪದ ಪಾಪ ತಮ್ಮಷ್ಟಕ್ಕೆ ಇದ್ದವು.

ಉಂಬಳ ಹತ್ತಿದರೆ ಎಳೆದು ಕೀಳಬಾರದು ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಉಪ್ಪೋ ಸುಣ್ಣವೋ ಮುಟ್ಟಿಸಬೇಕು, ತಾನೇ ಬಿಡುತ್ತದೆ. ನಾನು ಮಾತ್ರ ಏಳು ತಿಂಗಳು ಎಳೆಯುತ್ತಲೇ ಇದ್ದೆ. ಅದೇ ಕಾರ್ಡ್, ಅದೇ ಪ್ರಶ್ನೆ, ಅದೇ ಖಾಲಿ ತಲೆ. ಎಂಟು ಸಲ ಬರದ ಪದ ಒಂಬತ್ತನೇ ಸಲ ಯಾಕೆ ಬರಬೇಕು? ಒಂದು ಭಾನುವಾರ 41 ಪದಗಳನ್ನೂ ನೂರು ಪೇಜಿನ ನೋಟ್ ಪುಸ್ತಕದಲ್ಲಿ ಕೈಯಲ್ಲಿ ಬರೆದು ಜಗಲಿಯಲ್ಲಿ ಕೂತೆ. ಯಾವುದು ಯಾಕೆ ನಿಲ್ಲುತ್ತಿಲ್ಲ ಅಂತ ಒಂದೊಂದನ್ನೇ ಕೇಳಿದೆ. ಇದೇ ಕೆಲಸವನ್ನು ಮೊದಲೇ ಮಾಡಿದ್ದರೆ ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಹದಿನೈದರಷ್ಟು ಪದಗಳಿಗೆ ಹಿಡಿಕೆಯೇ ಇರಲಿಲ್ಲ. ಸುಮ್ನೆ ಒಂದು ಸದ್ದು, ಪಕ್ಕದಲ್ಲಿ ಒಂದು ಇಂಗ್ಲಿಷ್ ಅರ್ಥ. ಡೆಕ್ ಮಾಡಿದವರು ಇಂಗ್ಲಿಷಿನವರು, ಅವರ ತಮಾಷೆ ಅವರಿಗೆ. ನಾನು ಇಂಗ್ಲಿಷ್ ಅಳಿಸಿ ಕನ್ನಡ ಬರೆದೆ. ಆಗ ಒಂದು ವಿಚಿತ್ರ ಆಯಿತು, ಪದಗಳು ಮಾತಾಡಲಿಕ್ಕೆ ಶುರು ಮಾಡಿದವು. ಕಸ ಅಂದರೆ ಜಪಾನೀಸಿನಲ್ಲಿ ಕೊಡೆ. ನಮ್ಮ ಊರಿನಲ್ಲಿ ಜುಲೈ ಮುಗಿಯುವಷ್ಟರಲ್ಲಿ ಕೊಡೆ ಎಲ್ಲಿರುತ್ತದೆ? ಕಡ್ಡಿ ಮುರಿದು ಕಸದ ಬುಟ್ಟಿಯಲ್ಲಿ. ಮುಗಿಯಿತು, ಜನ್ಮಕ್ಕೆ ಮರೆಯುವುದಿಲ್ಲ. ಯಮ ಅಂದರೆ ಬೆಟ್ಟ. ಹತ್ತಿದವರಿಗೆ ಬೇರೆ ವಿವರಣೆ ಬೇಡ. ಉಮಿ ಅಂದರೆ ಸಮುದ್ರ, ಮಲ್ಪೆಯ ನೀರಿನ ಮೇಲೆ ಭತ್ತದ ಉಮಿ ತೇಲುತ್ತಿರುವ ಚಿತ್ರ ಹಾಕಿಕೊಂಡೆ. ಹರಿ ಅಂದರೆ ಸೂಜಿ, ಬಟ್ಟೆ ಹರಿದರೆ ಬೇಕಾಗುವುದು ಅದೇ ತಾನೆ. ಕಿರು ಅಂದರೆ ಕತ್ತರಿಸು, ಕತ್ತರಿಸಿದರೆ ಕಿರಿದಾಗುತ್ತದೆ. ಇರು ಅಂದರೆ ಇರು! ಜೀವ ಇರುವುದಕ್ಕೆ ಮಾತ್ರ ಬಳಸಬೇಕು, ನೆಕೊ ಗ ಇರು ಅಂದರೆ ಬೆಕ್ಕು ಇದೆ. ಇದಕ್ಕೆ ಕಾರ್ಡ್ ಮಾಡಲೇ ಇಲ್ಲ.

ಎಲ್ಲಕ್ಕಿಂತ ಇಷ್ಟದ್ದು ಕಿತ್ತೆ. ಕಿತ್ತೆ ಅಂದರೆ ಅಂಚೆಚೀಟಿ. ಹದಿನಾಲ್ಕು ಸಲ ಮರೆತ ಪದ ಅದು. ಯಾಕೆಂದರೆ ಕಿತೆ ಅಂದರೆ ಬಾ, ತೊಟ್ಟುಕೊಂಡು ಅಂತೆಲ್ಲ ಬೇರೆ ಅರ್ಥ, ಎರಡೂ ಕಲಸಿ ಹೋಗುತ್ತಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಾಗ ಆ ಒಂದು ಹೆಚ್ಚಿನ ಟಿ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಕನ್ನಡದಲ್ಲಿ ಬರೆದ ಕೂಡಲೇ ಬಾಲ್ಯ ನೆನಪಾಯಿತು, ಬೊಂಬಾಯಿಯ ಮಾವನಿಂದ ಬಂದ ಲಕೋಟೆಯನ್ನು ನೀರಿನಲ್ಲಿ ನೆನೆಸಿ, ಅಂಚೆಚೀಟಿ ಕಿತ್ತೆ. ಅಷ್ಟೇ. ನಮ್ಮ ಒತ್ತಕ್ಷರ, ಹ್ರಸ್ವ, ದೀರ್ಘ ಇವುಗಳ ಬೆಲೆ ನನಗೆ ಗೊತ್ತಾದದ್ದೇ ಜಪಾನೀಸ್ ಕಲಿಯುವಾಗ. ಒಬಸನ್ ಅಂದರೆ ಚಿಕ್ಕಮ್ಮ, ಅತ್ತೆ, ಒಬಾಸನ್ ಅಂದರೆ ಅಜ್ಜಿ. ಬಿರು ಅಂದರೆ ಕಟ್ಟಡ, ಬೀರು ಅಂದರೆ ಬಿಯರ್. ಒಂದು ದೀರ್ಘ ತಪ್ಪಿದರೆ ಚಿಕ್ಕಮ್ಮನ ತಲೆ ನರೆಯುತ್ತದೆ. ತಿಂಗಳ ನಾಲ್ಕನೇ ತಾರೀಕು ಯೊಕ್ಕ, ಎಂಟನೇ ತಾರೀಕು ಯೋಕ, ಇದರಲ್ಲಿ ಮುಗ್ಗರಿಸದವರೇ ಇಲ್ಲ. ನಾಲ್ಕು ಅಂತ ಬರೆದರೆ ಒತ್ತು ಇದೆ, ಯೊಕ್ಕದಲ್ಲೂ ಒತ್ತು ಇದೆ. ಎಂಟಕ್ಕೂ ಒತ್ತಿಲ್ಲ, ಯೋಕಕ್ಕೂ ಒತ್ತಿಲ್ಲ. ಇದನ್ನು ಯಾವ ಇಂಗ್ಲಿಷ್ ಡೆಕ್ಕೂ ನಿಮಗೆ ಹೇಳಿಕೊಡುವುದಿಲ್ಲ.

ಇನ್ನು ಕೆಲವು ಪದಗಳಿಗೆ ಹಿಡಿಕೆ ಇತ್ತು, ಆದರೆ ಎಲ್ಲದಕ್ಕೂ ಒಂದೇ ಹಿಡಿಕೆ. ಕೇಕೆನ್, ಕೇಝಾಯ್, ಕೇಕಕು, ಕಂಕೇ, ತೊಕೇ, ಗೋಕೇ. ಓದಿ ನೋಡಿ, ತಲೆ ಗಿರ್ ಅನ್ನುವುದಿಲ್ವಾ? ಅನುಭವ, ಅರ್ಥವ್ಯವಸ್ಥೆ, ಯೋಜನೆ, ಸಂಬಂಧ, ಗಡಿಯಾರ, ಒಟ್ಟು ಮೊತ್ತ. ಇಂಥ ಪದಗಳಿಗೆ ಕಸ, ಯಮ ತರದ ಆಟ ನಡೆಯುವುದಿಲ್ಲ. ಇಲ್ಲಿ ಕಾಂಜಿಯನ್ನೇ ಬಿಡಿಸಬೇಕು. ಯೋಜನೆ, ಗಡಿಯಾರ, ಮೊತ್ತ, ಈ ಮೂರರಲ್ಲೂ ಇರುವ ಕೇ ಒಂದೇ ಅಕ್ಷರ. ಎಡಕ್ಕೆ ಮಾತು, ಬಲಕ್ಕೆ ಹತ್ತು. ಬಾಯಲ್ಲಿ ಹತ್ತರ ತನಕ ಎಣಿಸುವುದು, ಅಂದರೆ ಲೆಕ್ಕ, ಅಳತೆ. ಗಡಿಯಾರ ಹೊತ್ತು ಅಳೆಯುತ್ತದೆ. ಗೋಕೇ ಎಲ್ಲ ಸೇರಿಸಿದ ಲೆಕ್ಕ, ಹೋಟೆಲ್ ಬಿಲ್ಲಿನ ಕೊನೆಯ ಸಾಲು. ಕೇಕಕು ಲೆಕ್ಕ ಹಾಕಿ ಗೆರೆ ಎಳೆಯುವುದು. ಜ್ವರ ನೋಡುವ ಥರ್ಮಾಮೀಟರ್ ತಾಯೊನ್‌ಕೇ, ಮೈಯ ಬಿಸಿಯ ಲೆಕ್ಕ, ಇದು ಕಲಿಯದೆಯೇ ಬಂತು. ಅನುಭವ, ಅರ್ಥವ್ಯವಸ್ಥೆಯಲ್ಲಿರುವ ಕೇ ಬೇರೆ, ಅದರ ಎಡಕ್ಕೆ ನೂಲಿನ ಗುರುತು. ಮೂಲದಲ್ಲಿ ಮಗ್ಗದ ಹಾಸಿನ ನೂಲು, ಆ ಕಡೆಯಿಂದ ಈ ಕಡೆಗೆ ಹಾದು ಹೋಗುವಂಥದ್ದು. ಹಾದು ಬಂದದ್ದೇ ಅನುಭವ. ಆರು ಉಂಬಳ ಒಂದೇ ಮಧ್ಯಾಹ್ನಕ್ಕೆ ಉದುರಿದವು.

ಹಾಗೆಯೇ ನೀಲಿ ಅನ್ನುವ ಕಾಂಜಿ. ಅದಕ್ಕೆ ಸೇ ಅಂತ ಒಂದು ಓದು, ಅಂದರೆ ಓದುವಾಗ ಹೇಳುವ ಸದ್ದು, ಇದೆ. ಅದರ ಎಡಕ್ಕೆ ಮೂರು ಹನಿ ನೀರು ಇಟ್ಟರೆ ಶುದ್ಧ, ಓದು ಸೇ. ಸೂರ್ಯನನ್ನು ಇಟ್ಟರೆ ಮೋಡ ಚದುರಿದ ಆಕಾಶ, ಓದು ಸೇ. ಅಕ್ಕಿ ಇಟ್ಟರೆ ಸಾರ, ಸತ್ವ, ಅದೂ ಸೇ. ಮಾತು ಇಟ್ಟರೆ ಕೇಳಿಕೊಳ್ಳುವುದು, ಅದೂ ಸೇ. ಎಡಗಡೆ ಅರ್ಥದ ಸುಳಿವು, ಬಲಗಡೆ ಸದ್ದಿನ ಸುಳಿವು. ಕಾಂಜಿಗಳಲ್ಲಿ ಹೆಚ್ಚಿನವು ಹೀಗೆ ಕಟ್ಟಿದವೇ, ಎಲ್ಲ ಕಡೆ ಇಷ್ಟು ಚೊಕ್ಕವಾಗಿ ನಡೆಯುವುದಿಲ್ಲ ಅನ್ನುವುದೂ ನಿಜ. ಆದರೂ ಬೇರೆ ಬೇರೆ ದಿನ ಬೇರೆ ಬೇರೆ ಕಾರ್ಡಾಗಿ ಬರುವಾಗ ಇದು ಕಾಣುವುದೇ ಇಲ್ಲ. ಆಂಕಿ ಒಂದೊಂದೇ ಕಾರ್ಡ್ ತೋರಿಸುತ್ತದೆ, ಕುಟುಂಬ ತೋರಿಸುವುದಿಲ್ಲ. ನೋಟ್ ಪುಸ್ತಕ ಬೇಕೇ ಬೇಕು.

ಓದುಗಳ ಕಥೆ ಇನ್ನೂ ದೊಡ್ಡದು. ಒಂದೇ ಕಾಂಜಿಗೆ ಎರಡು, ಮೂರು, ಕೆಲವೊಮ್ಮೆ ಎಂಟು ಓದು. ಮೊದಲು ನನಗೆ ಸಿಟ್ಟು ಬರುತ್ತಿತ್ತು, ಒಂದು ಅಕ್ಷರಕ್ಕೆ ಒಂದು ಸದ್ದು ಇಟ್ಟುಕೊಳ್ಳಲಿಕ್ಕೆ ಇವರಿಗೆ ಎಂತ ರೋಗ ಅಂತ. ಆಮೇಲೆ ಹಂಪನಕಟ್ಟೆಯಲ್ಲಿ ಬಸ್ಸು ಕಾಯುವಾಗ ಹೊಳೆಯಿತು. ಬೋರ್ಡಿನಲ್ಲಿ ಮಂಗಳೂರು ಅಂತ ಇದೆ. ತುಳುವಿನವರು ಅದನ್ನು ನೋಡಿ ಕುಡ್ಲ ಅನ್ನುತ್ತಾರೆ. ಕೊಂಕಣಿಯವರಿಗೆ ಕೊಡಿಯಾಲ್. ಬ್ಯಾರಿಗಳಿಗೆ ಮೈಕಾಲ. ಊರು ಒಂದೇ, ಬೋರ್ಡ್ ಒಂದೇ, ಓದು ನಾಲ್ಕು. ಯಾರ ಜೊತೆ ಮಾತಾಡುತ್ತಿದ್ದೇವೆ ಅನ್ನುವುದರ ಮೇಲೆ ಹೋಗುತ್ತದೆ, ನಾವು ಯಾರೂ ಅದಕ್ಕೆ ಪಟ್ಟಿ ಬಾಯಿಪಾಠ ಮಾಡಿದವರಲ್ಲ. ಕಾಂಜಿಯೂ ಹಾಗೇ. ನೀರು ಒಂಟಿಯಾಗಿ ಬಂದರೆ ಮಿಝು, ಅವರ ಮನೆಮಾತು. ಬೇರೆ ಅಕ್ಷರದ ಜೊತೆ ಸೇರಿ ಬಂದರೆ ಸುಯ್, ಚೀನಾದಿಂದ ಬಂದ ಸದ್ದು. ನಾವು ನೀರು ಕುಡಿಯುತ್ತೇವೆ, ಜೋಗಕ್ಕೆ ಹೋದರೆ ಮಾತ್ರ ಜಲಪಾತ ಅನ್ನುತ್ತೇವೆ, ನೀರುಪಾತ ಅನ್ನುವುದಿಲ್ಲ ಅಲ್ವಾ? ಇನ್ನು ಈಗ, ದಿನ ಅನ್ನುವ ಎರಡು ಅಕ್ಷರ ಜೋಡಿಸಿ ಕ್ಯೋ ಅಂತ ಓದುತ್ತಾರೆ, ಇವತ್ತು ಅಂತ ಅರ್ಥ. ಕ್ಯೋ ಎಲ್ಲಿಂದ ಬಂತು ಅಂತ ಎರಡರಲ್ಲೂ ಹುಡುಕಬೇಡಿ. ಮಂಗಳೂರಿನ ಯಾವ ಅಕ್ಷರದಲ್ಲಿ ಕುಡ್ಲ ಇದೆ? ಪೂರ್ತಿ ಪದಕ್ಕೆ ಸೇರಿದ ಓದು ಅದು.

ಹಾಗಾಗಿ ಓದುಗಳ ಪಟ್ಟಿಯ ಕಾರ್ಡುಗಳನ್ನೆಲ್ಲ ಅಳಿಸಿ ಹಾಕಿದೆ. ಜೀವ, ಹುಟ್ಟು, ಹಸಿ ಅನ್ನುವ ಅರ್ಥದ ಒಂದು ಕಾಂಜಿ ಇದೆ, ಅದಕ್ಕೆ ಸೇ, ಶೋ, ಇಕಿರು, ಉಮರೆರು, ನಮ, ಕಿ ಅಂತ ಸಾಲು ಸಾಲು ಓದು. ಅದನ್ನು ಒಂದೇ ಕಾರ್ಡಿನ ಹಿಂದೆ ತುಂಬಿಸಿದ್ದೆ, ಒಂದು ಬಿಟ್ಟರೂ ತಪ್ಪು. ಯಾರಿಗೆ ಬರುತ್ತದೆ ಅದು? ಈಗ ಪದಗಳನ್ನು ಮಾತ್ರ ಇಟ್ಟಿದ್ದೇನೆ. ಸೆನ್ಸೇ, ಮೇಷ್ಟ್ರು. ಗಕುಸೇ, ವಿದ್ಯಾರ್ಥಿ. ತಂಜೋಬಿ, ಹುಟ್ಟುಹಬ್ಬ. ಇಶ್ಶೋ, ಜೀವಮಾನ. ನಮ, ಹಸಿಯಾದದ್ದು. ಪ್ರತಿಯೊಂದೂ ಬೇರೆ ಕಾರ್ಡ್, ಒಂದು ಪುಟ್ಟ ವಾಕ್ಯದ ಒಳಗೆ. ಓದು ತಾನಾಗಿ ಕೂತುಕೊಳ್ಳುತ್ತದೆ.

ಕೊನೆಯ ಉಂಬಳಗಳ ಗುಂಪು ಎಣಿಕೆಯದ್ದು, ನನ್ನನ್ನು ಅಳಿಸಿದ್ದೂ ಅದೇ. ಪೆನ್ಸಿಲ್, ಬಾಟಲಿ, ಕೊಡೆಯಂಥ ಉದ್ದ ವಸ್ತು ಎಣಿಸುವಾಗ ಜಪಾನಿನವರು ಹೊನ್ ಅಂತ ಸೇರಿಸುತ್ತಾರೆ. ಎರಡು ನಿಹೊನ್. ಆದರೆ ಒಂದು ಇಪ್ಪೊನ್, ಮೂರು ಸಂಬೊನ್. ನೂರು ಹ್ಯಕು, ಮುನ್ನೂರು ಸಂಬ್ಯಕು, ಆರುನೂರು ರೊಪ್ಪ್ಯಕು, ಎಂಟುನೂರು ಹಪ್ಪ್ಯಕು. ಹ ಇದ್ದದ್ದು ಒಮ್ಮೆ ಪ್ಪ, ಒಮ್ಮೆ ಬ. ಯಾವುದು ಎಲ್ಲಿ ಅಂತ ತಿಂಗಳುಗಟ್ಟಲೆ ತಪ್ಪು ಮಾಡಿದೆ. ಒಂದು ಸಂಜೆ ಬಸ್ಸು ಪಡುಬಿದ್ರಿಯಲ್ಲಿ ನಿಂತಿತ್ತು, ಇದೇ ಕಾರ್ಡ್ ಎದುರಿಗೆ ಇತ್ತು, ಕಂಡಕ್ಟರ್ ಮುಂದಿನ ಸೀಟಿನವರ ಹತ್ತಿರ ಚಿಲ್ಲರೆಗೆ ವಾದ ಮಾಡುತ್ತಿದ್ದರು.

"ಹತ್ತು ಕೊಟ್ರೆ ಆಗ್ಲಿಕ್ಕಿಲ್ಲ ಮಾರಾಯ್ರೆ, ಇಪ್ಪತ್ತು ಕೊಡಿ."

ಹತ್ತು. ಇಪ್ಪತ್ತು. ನಾನು ಸೀಟಿನಲ್ಲಿ ನೆಟ್ಟಗೆ ಕೂತೆ. ಹತ್ತು ಇದ್ದದ್ದು ಇಹತ್ತು ಯಾಕಾಗಲಿಲ್ಲ? ಇಪ್ಪತ್ತು ಯಾಕಾಯಿತು? ಎಂಟು ಹತ್ತು ಎಂಹತ್ತು ಆಗದೆ ಎಂಬತ್ತು ಯಾಕಾಯಿತು, ತೊಂಬತ್ತು ಯಾಕಾಯಿತು? ಹಳಗನ್ನಡದಲ್ಲಿ ಹತ್ತು ಪತ್ತು ಆಗಿತ್ತು, ಹಾಲು ಪಾಲ್ ಆಗಿತ್ತು. ತುಳುವಿನಲ್ಲಿ ಇವತ್ತಿಗೂ ಹತ್ತು ಪತ್ತ್, ಹೂ ಪೂ, ಹುಲಿ ಪಿಲಿ. ಕನ್ನಡದಲ್ಲಿ ಮೊದಲಿನ ಪ ಸವೆದು ಹ ಆಯಿತು, ಒತ್ತಾಗಿ ಇದ್ದಲ್ಲಿ ಮಾತ್ರ ಪ್ಪ ಗಟ್ಟಿಯಾಗಿ ಉಳಿಯಿತು, ಮೂಗಿನ ಸದ್ದಿನ ಮುಂದೆ ಬ ಆಯಿತು. ಜಪಾನೀಸಿನ ಹ ಕೂಡ ಒಂದು ಕಾಲದಲ್ಲಿ ಪ. ಅವರ ಅಕ್ಷರಮಾಲೆಯಲ್ಲಿ ಅದರ ಕುರುಹು ಈಗಲೂ ಇದೆ: ಅ ಇ ಉ ಎ ಒ, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಸಂಸ್ಕೃತದ ಅಕ್ಷರ ಓದಿದ ಬೌದ್ಧ ಸನ್ಯಾಸಿಗಳ ಕೈಯಿಂದ ಬಂದ ಕ್ರಮ ಅದು, ನಮ್ಮ ಕ್ರಮವೇ. ನಮ್ಮಲ್ಲಿ ನ ಆದ ಮೇಲೆ ಪ ಬರುವ ಜಾಗದಲ್ಲಿ ಅಲ್ಲಿ ಹ ಕೂತಿದೆ. ಇಪ್ಪೊನ್ ಅಂದರೆ ಇಪ್ಪತ್ತಿನ ಹಾಗೆ, ಸಂಬೊನ್ ಅಂದರೆ ಎಂಬತ್ತಿನ ಹಾಗೆ. ಆವತ್ತಿನಿಂದ ಇವತ್ತಿನ ತನಕ ಸಂಬ್ಯಕು ತಪ್ಪಿಲ್ಲ.

ಎರಡೂ ಅಕ್ಕತಂಗಿ ಭಾಷೆ ಅಂತ ನಾನು ಹೇಳುತ್ತಿಲ್ಲ, ಹಾಗೆ ಓಡಬೇಡಿ. ಸುಸುಮು ಓನೊ ಅನ್ನುವ ಜಪಾನಿನ ಭಾಷಾಶಾಸ್ತ್ರಜ್ಞರು ಜಪಾನೀಸಿಗೂ ತಮಿಳಿಗೂ ನಂಟು ಇದೆ ಅಂತ ವಾದಿಸಿದ್ದರು, ಹೆಚ್ಚಿನ ಪಂಡಿತರು ಒಪ್ಪಲಿಲ್ಲ. ಮನುಷ್ಯರ ಬಾಯಿ ಎಲ್ಲ ಊರಿನಲ್ಲೂ ಒಂದೇ ತರ ಸೋಮಾರಿ, ನನಗೆ ಅಷ್ಟು ಸಾಕು. ಹೈಸ್ಕೂಲಿನಲ್ಲಿ ಬೈದುಕೊಂಡು ಕಲಿತ ಆದೇಶ ಸಂಧಿಯೂ ಹೀಗೆಯೇ ಉಪಯೋಗಕ್ಕೆ ಬಂತು. ಮಳೆ, ಕಾಲ ಸೇರಿ ಮಳೆಗಾಲ. ಕಣ್, ಪನಿ ಸೇರಿ ಕಂಬನಿ. ಅಲ್ಲಿ ತೆ ಅಂದರೆ ಕೈ, ಕಮಿ ಅಂದರೆ ಕಾಗದ, ಸೇರಿ ತೆಗಮಿ, ಪತ್ರ. ಹನ ಅಂದರೆ ಹೂ, ಹಿ ಅಂದರೆ ಬೆಂಕಿ, ಸೇರಿ ಹನಬಿ, ಪಟಾಕಿ. ಅವರಲ್ಲಿ ಇದಕ್ಕೆ ರೆಂದಕು ಅನ್ನುತ್ತಾರೆ. ಎರಡನೇ ಪದದಲ್ಲಿ ಆಗಲೇ ಗ, ಝ, ದ, ಬ ತರದ ಸದ್ದು ಇದ್ದರೆ ಸಾಮಾನ್ಯವಾಗಿ ಬದಲಾಗುವುದಿಲ್ಲ, ಕಮಿಕಝೆ ಎಲ್ಲರೂ ಕೇಳಿದ ಪದ, ಅದು ಕಮಿಗಝೆ ಆಗಲಿಲ್ಲ. ಲೈಮನ್ ನಿಯಮ ಅಂತ ಹೆಸರು. ನಮ್ಮ ಕನ್ನಡ ಮೇಡಂ ಈಗ ಸಿಕ್ಕಿದರೆ ಕಾಲಿಗೆ ಬೀಳುತ್ತೇನೆ, ಆದೇಶ ಸಂಧಿಗೆ ಅವತ್ತು ನನಗೆ ಸಿಕ್ಕಿದ್ದು ಸೊನ್ನೆ.

ಆಪಿನ ತೊಂದರೆಗಳನ್ನೂ ಹೇಳಬೇಕು. ಸೆಟ್ಟಿಂಗ್ ಪುಟ ತೆರೆದರೆ ಹೆದರಿಕೆಯಾಗುತ್ತದೆ, ಅಷ್ಟು ಆಯ್ಕೆಗಳು. ಕಂಪ್ಯೂಟರಿಗೂ ಫೋನಿಗೂ ಹೊಂದಿಸುವಾಗ ಕೆಲವೊಮ್ಮೆ ಮೇಲಕ್ಕೆ ಕಳಿಸಲಾ, ಕೆಳಗೆ ಇಳಿಸಲಾ ಅಂತ ಕೇಳುತ್ತದೆ, ಸರಿಯಾಗಿ ಓದದೆ ಒತ್ತಿ ಮೂರು ದಿನದ ಕೆಲಸ ಕಳೆದುಕೊಂಡೆ. ತಪ್ಪು ನನ್ನದೇ, ನಿದ್ದೆಗಣ್ಣು. ಕಾರ್ಡ್ ನಾವೇ ಮಾಡಬೇಕು ಅನ್ನುವುದು ಸೋಮಾರಿಗಳಿಗೆ ಕಷ್ಟ. ಇನ್ನೊಂದು, ಇದರಲ್ಲಿ ನೂರು ಕಾರ್ಡ್ ಮುಗಿಸಿದರೆ ಓದಿದ ಹಾಗೆ ಅನ್ನಿಸಿಬಿಡುತ್ತದೆ, ಆದರೆ ಒಂದು ಪುಟ ನಿಜವಾದ ಜಪಾನೀಸ್ ಓದದೆ ವಾರ ಕಳೆದಿರುತ್ತದೆ. ಕಸ, ಉಮಿಯ ಆಟಕ್ಕೂ ಮಿತಿ ಇದೆ. ಹಿಡಿಕೆ ಮಾತ್ರ ಅದು, ಉಚ್ಚಾರ ಅಲ್ಲ. ಸ್ವರ ಏರುವುದು ಇಳಿಯುವುದು ಕಿವಿಯಿಂದಲೇ ಬರಬೇಕು, ಹಾಗಾಗಿ ಪ್ರತಿ ಕಾರ್ಡಿಗೂ ಧ್ವನಿ ಸೇರಿಸಿ. ಹಶಿ ಅಂದರೆ ಊಟದ ಕಡ್ಡಿಯೂ ಹೌದು, ಸೇತುವೆಯೂ ಹೌದು, ಸ್ವರದಲ್ಲಿ ಮಾತ್ರ ವ್ಯತ್ಯಾಸ. ಒಂದೇ ತರದ ಎರಡು ಪದಗಳನ್ನು ಒಂದೇ ದಿನ ಹಾಕಬೇಡಿ, ಒಂದು ಗಟ್ಟಿಯಾದ ಮೇಲೆ ಇನ್ನೊಂದು. ಎಡ ಬಲ ಎರಡನ್ನೂ ಒಟ್ಟಿಗೆ ಕಲಿತ ನಾನು ಹಿದರಿ ಯಾವುದು, ಮಿಗಿ ಯಾವುದು ಅಂತ ಇವತ್ತಿಗೂ ಒಂದು ಕ್ಷಣ ತಡವರಿಸುತ್ತೇನೆ. ಹಿದರಿ ಎಡ. ಹೌದು, ಎಡ.

ಮಧ್ಯದಲ್ಲಿ ಚಂದಾ ಕಟ್ಟುವ ಇನ್ನೊಂದು ಆಪನ್ನೂ ನೋಡಿದೆ, ಹೆಸರು ಹೇಳುವುದಿಲ್ಲ. ಚಂದ ಇತ್ತು, ಬಣ್ಣ, ಸಂಗೀತ, ದಿನಾ ಹೊಗಳಿಕೆ. ನಾಲ್ಕು ತಿಂಗಳು ಬಿಟ್ಟು ಹಿಂದೆ ತಿರುಗಿ ನೋಡಿದರೆ ನೆನಪಿದ್ದ ಪದ ಕಡಿಮೆ. ಚಂದಾ ನಿಲ್ಲಿಸಿದ್ದೇನೆ ಅಂದುಕೊಂಡಿದ್ದೆ, ಕಾರ್ಡಿನಿಂದ ಮತ್ತೊಂದು ವರ್ಷದ ದುಡ್ಡು ಹೋಯಿತು. ಆ ದುಡ್ಡಿಗೆ ಎಷ್ಟು ನೀರುದೋಸೆ ಬರುತ್ತಿತ್ತು ಅಂತ ಲೆಕ್ಕ ಹಾಕಿ ಸುಮ್ಮನಾದೆ.

ಫಲ ಏನಾಯಿತು ಅಂತ ಕೇಳುವವರಿಗೆ: ಜೆಎಲ್‌ಪಿಟಿ ಅನ್ನುವ ಜಪಾನೀಸ್ ಭಾಷಾ ಪರೀಕ್ಷೆಯ ಮೊದಲ ಮೆಟ್ಟಿಲು ಎನ್5 ಮೊದಲ ಡಿಸೆಂಬರಿನಲ್ಲಿ ಆಯಿತು, ಅದರ ಮೇಲಿನ ಎನ್4 ಮರು ವರ್ಷದ ಡಿಸೆಂಬರಿನಲ್ಲಿ. ಎರಡಕ್ಕೂ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಬರೆದದ್ದು. ಎನ್4ಕ್ಕೆ 180ರಲ್ಲಿ 90 ಬೇಕು, ನನಗೆ 117 ಬಂತು. ಕೇಳಿಸಿಕೊಳ್ಳುವ ಭಾಗದಲ್ಲಿ 19 ಬರದಿದ್ದರೆ ಒಟ್ಟು ಎಷ್ಟಿದ್ದರೂ ಫೇಲ್, ನೆನಪಿಡಿ, ಬರೀ ಕಾರ್ಡ್ ನೋಡುವವರು ಬೀಳುವುದು ಅಲ್ಲೇ. ಪರೀಕ್ಷೆ ನಡೆಸುವವರು 2010ರಿಂದ ಪದಗಳ ಅಧಿಕೃತ ಪಟ್ಟಿ ಕೊಡುವುದಿಲ್ಲ, ಹಾಗಾಗಿ ಎನ್4ಕ್ಕೆ ಇಷ್ಟೇ ಪದ ಅಂತ ಯಾರಾದರೂ ಡೆಕ್ ಮಾರಿದರೆ ಅದು ಅಂದಾಜು ಅಂತಲೇ ತಿಳಿದುಕೊಳ್ಳಿ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ಆ ಸೆಟ್ಟಿಂಗ್ ಪುಟಕ್ಕೆ. ಹಿರಗಾನ, ಅದರ ಜೋಡಿ ಅಕ್ಷರಮಾಲೆ ಕಟಕಾನ ಬಾರದವರು ಈಗಲೇ ಇಳಿಸಬೇಡಿ, ಮೊದಲು ಅದನ್ನು ಕೈಯಲ್ಲಿ ಬರೆದು ಕಲಿಯಿರಿ. ದಿನಾ ಅರ್ಧ ಗಂಟೆ ಬಸ್ಸಿನಲ್ಲಿ ಕೂರುವವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

41 ಉಂಬಳಗಳಲ್ಲಿ ಈಗ ಮೂರು ಉಳಿದಿವೆ. ಅದರಲ್ಲಿ ಎರಡು ಒಂದೇ ಸದ್ದಿನವು, ಕಿಕಾಯ್ ಅಂದರೆ ಯಂತ್ರ, ಕಿಕಾಯ್ ಅಂದರೆ ಅವಕಾಶ. ಇದಕ್ಕೆ ಉಪ್ಪು ಇನ್ನೂ ಸಿಕ್ಕಿಲ್ಲ. ನಿಮ್ಮ ಡೆಕ್ ಕೊಡಿ ಅಂತ ಆಫೀಸಿನಲ್ಲಿ ಇಬ್ಬರು ಕೇಳಿದರು, ಕೊಟ್ಟೆ. ಒಂದು ವಾರ ಬಿಟ್ಟು ಒಬ್ಬರು ಬಂದು, "ಈ ಕಿತ್ತೆ ಕಾರ್ಡಿನಲ್ಲಿ ಬೊಂಬಾಯಿಯ ಮಾವ ಅಂತ ಬರೆದಿದ್ದೀರಲ್ಲ, ಅವರು ಯಾರು?" ಅಂತ ಕೇಳಿದರು.